ಗಣಕ ಹೇಳಿದ ಸೊನ್ನೆ, ರನ್ನ ಹೇಳಿದ ಊರು

(ಜಮಖಂಡಿಯಲ್ಲಿ ಇತಿಹಾಸದ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಊರುಗಳ ಹಳೆಯ ಹೆಸರು ಹುಡುಕುವ ಕೆಲಸಕ್ಕೆ ಗಣಕಯಂತ್ರ ಎಷ್ಟು ನೆರವಾಗುತ್ತದೆ ಎಂಬ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಅದು ನೆರವಾಗುವುದು ನಿಜ. ಆದರೆ ಅದು ನನ್ನನ್ನು ಎಷ್ಟು ಸತಾಯಿಸಿತು ಎಂಬುದನ್ನೇ ಇಂದು ಮೊದಲು ಹೇಳುತ್ತೇನೆ. ಸತಾಯಿಸಿದ್ದೇಕೆ ಎಂದು ತಿಳಿದರೆ, ನೆರವು ಪಡೆಯುವ ದಾರಿಯೂ ತಾನಾಗಿ ಕಾಣುತ್ತದೆ. ವಿಷಯ ದೊಡ್ಡದಾದ್ದರಿಂದ ಒಂದೇ ಊರನ್ನು ಹಿಡಿದು ಹೊರಡೋಣ. ಅದು ನಿಮ್ಮ ನೆರೆಯ ಮುಧೋಳ.

ಕೆಲವು ವರ್ಷಗಳ ಹಿಂದೆ ಆ ತಾಲ್ಲೂಕಿನ ಒಂದು ಶಾಲೆಗೆ ಕವಿ ರನ್ನನ ಬಗ್ಗೆ ನಾಲ್ಕು ಮಾತು ಹೇಳಲು ಹೋಗಿದ್ದೆ. ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನಲ್ಲಿ, ಅದೇ ಇಂದಿನ ಮುಧೋಳ ಎಂದೆ. ಎಲ್ಲ ಪಠ್ಯಪುಸ್ತಕಗಳೂ ಹೇಳುವ ಮಾತು ಅದು. ಶಾಲೆಯ ಗಣಕದಲ್ಲಿ ಹಳೆಯ ಕಾವ್ಯಗಳನ್ನೂ ಶಾಸನಗಳನ್ನೂ ತುಂಬಿದ್ದ ಒಂದು ಸಂಗ್ರಹವಿತ್ತು. ಭಾಷಣ ಮುಗಿದ ಮೇಲೆ ಎಂಟನೆಯ ತರಗತಿಯ ಒಬ್ಬ ಹುಡುಗಿ ಅದರಲ್ಲಿ ಏನನ್ನೋ ಹುಡುಕಿ ನೋಡಿ, ನನ್ನ ಹತ್ತಿರ ಬಂದಳು.

‘ಸರ, ಮುದುವೊಳಲು ಅಂತ ಹಾಕಿದ್ರ ಒಂದೂ ಬರಲಿಲ್ರಿ. ಸೊನ್ನಿ ಅಂತ ತೋರಿಸ್ತು. ಹಂಗಾರ ರನ್ನ ನಮ್ಮೂರಾಂವ ಅಲ್ಲೇನ್ರಿ?’

‘ಹಂಗಲ್ಲ ತಂಗಿ, ನಾ ನೋಡಿ ಹೇಳ್ತೀನಿ’ ಎಂದು ಬಂದೆ. ನೋಡಿ ಹೇಳುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಕಂಡುಕೊಂಡ ಬಗೆಯೇ ಇಂದಿನ ಭಾಷಣ.

ಬೈಬಲ್ ಓದುವವರ ಭಾಗ್ಯ

ಈ ಹುಡುಕಾಟದಲ್ಲಿ ನಾನು ತೊಡಗಿದ್ದಾಗಲೇ ಕ್ರೈಸ್ತ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಅವರು ಬೈಬಲ್ ಅಧ್ಯಯನಕ್ಕೆಂದೇ ಸಿದ್ಧಪಡಿಸಿದ ಒಂದು ತಂತ್ರಾಂಶ ಬಳಸುತ್ತಿದ್ದರು. ಒಂದು ಊರಿನ ಹೆಸರು ಒತ್ತಿದರೆ ಸಾಕು, ಅದು ಬರುವ ಎಲ್ಲ ವಚನಗಳೂ ಸಾಲಾಗಿ ನಿಲ್ಲುತ್ತಿದ್ದವು. ಅನುವಾದಗಳಲ್ಲಿ ಹೆಸರಿನ ಕಾಗುಣಿತ ಬೇರೆಬೇರೆ ಇದ್ದರೂ ಒಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಇದರ ಗುಟ್ಟು ಗಣಕದಲ್ಲಿಲ್ಲ, ಗಣಕ ಹುಟ್ಟುವುದಕ್ಕೆ ಬಹಳ ಮೊದಲೇ ಆದ ದುಡಿಮೆಯಲ್ಲಿದೆ. ಅಮೆರಿಕದ ಜೇಮ್ಸ್ ಸ್ಟ್ರಾಂಗ್ ಎಂಬ ವಿದ್ವಾಂಸ 1890ರಲ್ಲಿ ಬೈಬಲಿನ ಒಂದು ಬೃಹತ್ ಪದಸೂಚಿಯನ್ನು ಪ್ರಕಟಿಸಿದ. ಅದರಲ್ಲಿ ಮೂಲದ ಪ್ರತಿಯೊಂದು ಪದಕ್ಕೂ ಒಂದೊಂದು ಸಂಖ್ಯೆ ಕೊಟ್ಟ. ಹೀಬ್ರೂ ಪದಗಳ ಸಂಖ್ಯೆ 8,674ರವರೆಗೆ ಹೋಗುತ್ತದೆ. ಅನುವಾದಕ ಏನೇ ಬರೆದಿರಲಿ, ಯಾವ ಲಿಪಿಯಲ್ಲೇ ಬರೆದಿರಲಿ, ಸಂಖ್ಯೆ ಒಂದೇ. ಗಣಕ ಹುಡುಕುವುದು ಆ ಸಂಖ್ಯೆಯನ್ನು. ಕೈಯಿಂದ ಮಾಡಿಟ್ಟ ಪಟ್ಟಿಯ ಮೇಲೆ ಯಂತ್ರ ಕುಳಿತಿದೆ, ಅಷ್ಟೇ.

ಆದರೆ ನನ್ನ ಮಿತ್ರರಿಗೂ ಸಮಾಧಾನವಿರಲಿಲ್ಲ. ಅವರು ಬೆನ್ನು ಹತ್ತಿದ್ದ ಹೆಸರು ‘ಓಫೀರ್’. ಸೊಲೊಮೋನ್ ರಾಜನಿಗೆ ಹಡಗುಗಳಲ್ಲಿ ಬಂಗಾರ ಬರುತ್ತಿದ್ದ ನಾಡು ಅದು. ತಂತ್ರಾಂಶ ಅದರ ಉಲ್ಲೇಖಗಳನ್ನೆಲ್ಲ ಕಣ್ಣು ಮಿಟುಕಿಸುವುದರೊಳಗೆ ಕೊಟ್ಟಿತು. ಓಫೀರ್ ಎಲ್ಲಿತ್ತು ಎಂಬ ಪ್ರಶ್ನೆಗೆ ಮಾತ್ರ ಅದರ ಹತ್ತಿರ ಉತ್ತರವಿರಲಿಲ್ಲ. ವಿದ್ವಾಂಸರಲ್ಲಿ ಕೆಲವರು ಅದನ್ನು ಅರಬ್ಬೀ ನಾಡಿನಲ್ಲಿಟ್ಟರು, ಕೆಲವರು ಆಫ್ರಿಕದಲ್ಲಿಟ್ಟರು. ಹಳೆಯ ಗ್ರೀಕ್ ಅನುವಾದದಲ್ಲಿ ಆ ಹೆಸರು ‘ಸೋಫೀರ್’ ಎಂದಿರುವುದನ್ನು ಹಿಡಿದು, ಅದು ನಮ್ಮ ಮುಂಬೈ ಬಳಿಯ ಸೋಪಾರವೇ ಎಂದವರೂ ಉಂಟು. ಹೆಸರು ಸಿಕ್ಕಿತು, ಊರು ಸಿಗಲಿಲ್ಲ.

ಅದೇ ಪುಸ್ತಕದ ಇನ್ನೂ ಎರಡು ಸಂಗತಿಗಳನ್ನು ಅವರು ತೋರಿಸಿದರು. ‘ಬೇತ್ಲೆಹೇಮ್’ ಎಂಬ ಹೆಸರಿನ ಊರುಗಳು ಎರಡಿದ್ದವು: ಒಂದು ಯೆಹೂದದಲ್ಲಿ, ಇನ್ನೊಂದು ಉತ್ತರದ ಜೆಬುಲೋನ್ ಸೀಮೆಯಲ್ಲಿ. ಹಾಗೆಯೇ ‘ಬೇತೇಲ್’ ಎಂಬ ಊರಿಗೆ ಮೊದಲು ‘ಲೂಜ್’ ಎಂಬ ಹೆಸರಿತ್ತೆಂದು ಆದಿಕಾಂಡವೇ ಹೇಳುತ್ತದೆ. ಬೇತೇಲ್ ಎಂದು ಹುಡುಕಿದವನಿಗೆ ಲೂಜ್ ಸಿಗುವುದಿಲ್ಲ. ಒಂದು ಹೆಸರಿಗೆ ಎರಡು ಊರು, ಒಂದು ಊರಿಗೆ ಎರಡು ಹೆಸರು. ಇದನ್ನು ನೆನಪಿಟ್ಟುಕೊಳ್ಳಿ. ನಮ್ಮ ಸೀಮೆಯಲ್ಲಿ ಇವೆರಡೂ ಇವೆ.

ಒಂದು ಅಕ್ಷರದ ಕತೆ

ಈಗ ಮುಧೋಳಕ್ಕೆ ಬರೋಣ. ಆ ಹುಡುಗಿಗೆ ಸೊನ್ನೆ ಬಂದದ್ದೇಕೆ? ಅವಳು ಒತ್ತಿದ್ದು ‘ಮುದುವೊಳಲು’. ರನ್ನ ಬರೆದದ್ದು ‘ಮುದುವೊೞಲ್’. ನಡುವಿನ ಆ ಅಕ್ಷರವನ್ನು ನೋಡಿ. ಅದು ಇಂದಿನ ‘ಳ’ ಅಲ್ಲ, ಹಳಗನ್ನಡದ ‘ೞ’. ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ‘ಮುದು’ ಎಂದರೆ ಹಳೆಯದು. ಮುದುವೊೞಲ್ ಎಂದರೆ ಹಳೆಯ ಪಟ್ಟಣ. ಸಾವಿರ ವರ್ಷದ ಹಿಂದೆ, ರನ್ನನ ಕಾಲಕ್ಕೇ ಅದು ‘ಹಳೆಯ’ ಪಟ್ಟಣ ಎನಿಸಿಕೊಂಡಿತ್ತು! ಇದೇ ಅಚ್ಚಿನ ಇನ್ನೊಂದು ಹೆಸರು ಕವಿರಾಜಮಾರ್ಗದಲ್ಲಿ ಬರುವ ಕಿಸುವೊೞಲ್. ಕೆಂಪು ಪಟ್ಟಣ ಎಂದು ಅದರ ಅರ್ಥ. ಅದು ಇಂದಿನ ಪಟ್ಟದಕಲ್ಲು.

ಈ ೞ ಕನ್ನಡದಿಂದ ಬಹಳ ಹಿಂದೆಯೇ ಜಾರಿಹೋಯಿತು. ಜನ ಅದನ್ನೂ ಳಕಾರವನ್ನೂ ಒಂದೇ ರೀತಿ ಉಚ್ಚರಿಸತೊಡಗಿದರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವ ಹೊತ್ತಿಗೆ, ಯಾವ ಪದಗಳಲ್ಲಿ ೞ ಬರಬೇಕೆಂದು ಪಟ್ಟಿ ಕೊಡಬೇಕಾಯಿತು. ಪಟ್ಟಿ ಬೇಕಾಯಿತೆಂದರೆ ಕಿವಿಗೆ ವ್ಯತ್ಯಾಸ ಕೇಳುತ್ತಿರಲಿಲ್ಲ ಎಂದೇ ಅರ್ಥ. ಆ ವ್ಯಾಕರಣವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರು ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲ್. 1894ರಲ್ಲಿ ಹೊರಬಂದ ಅವರ ದೊಡ್ಡ ನಿಘಂಟಿನಲ್ಲೂ ಹಳೆಯ ರೂಪಗಳಿಗೆ ಸ್ಥಾನವಿದೆ. ಬೈಬಲಿನ ಪ್ರತಿ ಪದವನ್ನೂ ಎಣಿಸಿ ಜೋಡಿಸುವ ಪರಂಪರೆಯಿಂದ ಬಂದವರು ಕನ್ನಡದ ಪದಗಳನ್ನೂ ಅದೇ ಶ್ರದ್ಧೆಯಿಂದ ಎಣಿಸಿದರು ಎನ್ನಬಹುದು.

ಗಣಕದ ಯುಗದಲ್ಲಿ ಈ ಅಕ್ಷರದ ಗತಿ ಏನಾಯಿತು? ಮೊದಲ ತಲೆಮಾರಿನ ಕನ್ನಡ ಅಕ್ಷರವಿನ್ಯಾಸಗಳು ಬೆರಳಚ್ಚು ಮಾಡಿ ಕಾಗದದ ಮೇಲೆ ತೆಗೆಯಲು ಹುಟ್ಟಿದವು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿರುತ್ತಿದ್ದವು. ಒಬ್ಬರು ಮಾಡಿದ ಕಡತ ಇನ್ನೊಬ್ಬರ ಯಂತ್ರದಲ್ಲಿ ಬರೀ ಕಲಸುಮೇಲೋಗರ. ಅಂಥ ಕಡತದಲ್ಲಿ ಊರಿನ ಹೆಸರು ಹುಡುಕುವುದೆಂದರೆ ಕತ್ತಲೆಯ ಕೋಣೆಯಲ್ಲಿ ಕರಿ ಬೆಕ್ಕು ಹುಡುಕಿದ ಹಾಗೆ. ಕೀಲಿಮಣೆಯಲ್ಲಿ ೞ ಸಿಗದ ಕಡೆ ಬೆರಳಚ್ಚು ಮಾಡುವವರು ಸಲೀಸಾಗಿ ‘ಳ’ ಒತ್ತಿ ಮುಂದೆ ಹೋದರು. ಪುಸ್ತಕದ ಪುಟದ ಚಿತ್ರವನ್ನು ಯಂತ್ರವೇ ಓದಿ ಅಕ್ಷರವಾಗಿಸುವ ವಿಧಾನ ಬಂದ ಮೇಲೆ ಇನ್ನೊಂದು ತೊಡಕು. ನಾನು ನೋಡಿದ ಒಂದು ಕಡತದಲ್ಲಿ ಯಂತ್ರ ೞಕಾರವನ್ನು ಒಂದು ಪುಟದಲ್ಲಿ ‘ಬ’ ಎಂದೂ ಇನ್ನೊಂದರಲ್ಲಿ ‘ಟ’ ಎಂದೂ ಓದಿತ್ತು.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ವ್ಯವಸ್ಥೆಯಾಗಿ ಯೂನಿಕೋಡ್ ಬಂದಿತು. ಅದರಲ್ಲಿ ೞಕಾರಕ್ಕೆ ಜಾಗ ಸಿಕ್ಕಿತು. ಆದರೆ ಅದರ ಅಧಿಕೃತ ಪಟ್ಟಿಯಲ್ಲಿ ಈ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಅಂಟಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ಒಂದು ತಿದ್ದುಪಡಿಯ ಟಿಪ್ಪಣಿ ಮಾತ್ರ ಸೇರಿತು. ನಮ್ಮಲ್ಲಿ 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾಗಿ ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಊರಿನ ಹೆಸರು ತಿದ್ದಬಹುದು, ಒಂದು ಅಕ್ಷರದ ಹೆಸರು ತಿದ್ದಲಾಗದು!

ಸರಿ, ನಾನು ೞಕಾರವನ್ನೇ ಹಾಕಿ ಹುಡುಕಿದೆ. ಮತ್ತೆ ಸೊನ್ನೆ. ಏಕೆಂದರೆ ಕಾವ್ಯದಲ್ಲಿ ಊರಿನ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ವಿಭಕ್ತಿ ಅಂಟುತ್ತದೆ, ಮುಂದಿನ ಪದದೊಡನೆ ಸಂಧಿಯಾಗುತ್ತದೆ, ಛಂದಸ್ಸಿಗಾಗಿ ಒಂದು ಸಾಲಿನ ಕೊನೆಯಲ್ಲಿ ಒಡೆದು ಮುಂದಿನ ಸಾಲಿಗೆ ಹಾಯುತ್ತದೆ. ‘ಪೊೞಲ್’ ಎಂದು ಹುಡುಕಿದರೂ ಫಲವಿಲ್ಲ, ಸಮಾಸದಲ್ಲಿ ಪಕಾರ ವಕಾರವಾಗಿದೆ. ಯಂತ್ರಕ್ಕೆ ಅಕ್ಷರ ಗೊತ್ತು, ವ್ಯಾಕರಣ ಗೊತ್ತಿಲ್ಲ.

ಹುಡುಕಾಟವನ್ನು ಸಡಿಲ ಬಿಟ್ಟಾಗ

ಬಿಗಿಯಾಗಿ ಹುಡುಕಿದರೆ ಏನೂ ಸಿಗದು ಎಂದಾದ ಮೇಲೆ ಸಡಿಲವಾಗಿ ಹುಡುಕಿದೆ. ‘ಮುಧೋಳ’ ಎಂಬ ಇಂದಿನ ಹೆಸರನ್ನೇ ಹಾಕಿ, ಅದಕ್ಕೆ ಹೋಲುವುದೆಲ್ಲ ಬರಲಿ ಎಂದೆ. ಬಂದದ್ದು ಪ್ರವಾಹ. ಮೊದಲಿಗೆ ನಾಯಿಗಳು ಬಂದವು. ಮುಧೋಳದ ಬೇಟೆನಾಯಿ ಲೋಕಪ್ರಸಿದ್ಧ. ಅದರ ಚಿತ್ರವಿರುವ ಅಂಚೆಚೀಟಿಯೂ 2005ರಲ್ಲಿ ಹೊರಬಂದಿದೆ. ನಮ್ಮ ಮಹಾಕವಿಗಿಂತ ನಮ್ಮ ನಾಯಿಯೇ ಗಣಕಕ್ಕೆ ಹೆಚ್ಚು ಪರಿಚಿತ! ಆಮೇಲೆ ಬೇರೆ ಮುಧೋಳಗಳು ಬಂದವು. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲೊಂದು, ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲೊಂದು. ಕೊನೆಗೆ ಮುದಗಲ್ಲೂ ಬಂದಿತು.

ಮುದಗಲ್ಲು ಬಂದ ಕಾರಣ ಸ್ವಾರಸ್ಯಕರ. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ನಮ್ಮ ಭಾಗದ ಕೆಲವು ಊರುಗಳನ್ನು ಹೆಸರಿಸಿದ್ದಾನೆ. ಬನವಾಸಿಯನ್ನೂ ಬಾದಾಮಿಯನ್ನೂ ವಿದ್ವಾಂಸರು ಅವನ ಪಟ್ಟಿಯಲ್ಲಿ ಗುರುತಿಸಿದ್ದಾರೆ. ಅದರಲ್ಲಿರುವ ‘ಮೊದೊಗೌಲ್ಲ’ ಎಂಬ ಹೆಸರನ್ನು ಮುದಗಲ್ಲು ಎನ್ನುವುದು ವಾಡಿಕೆ. ಹೆಸರಿನ ನಾದ ಕೇಳಿ ಅದು ಮುಧೋಳವೇ ಏಕಾಗಬಾರದು ಎಂದು ನನಗೂ ಒಂದು ಗಳಿಗೆ ಆಸೆಯಾಯಿತು. ನಮ್ಮ ಊರಿಗೆ ಎರಡು ಸಾವಿರ ವರ್ಷದ ದಾಖಲೆ ಸಿಕ್ಕರೆ ಯಾರಿಗೆ ಬೇಡ? ಆದರೆ ನಾದದ ಹೋಲಿಕೆಯೊಂದನ್ನೇ ನಂಬಿದರೆ ನಮ್ಮ ಗತಿಯೂ ಸೋಪಾರವನ್ನು ಓಫೀರ್ ಎಂದವರ ಗತಿಯೇ.

ಇಂಥ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ನಿಮ್ಮ ನೆರೆಯ ಬೀಳಗಿಯ ಬಗ್ಗೆ ಟಿಪ್ಪಣಿ ಮಾಡುತ್ತಿದ್ದಾಗ ಅದರ ಹಳೆಯ ಹೆಸರು ‘ಶ್ವೇತಪುರ’ ಎಂದು ಸಿಕ್ಕಿತು. ಬಿಳಿ ಎಂದರೆ ಶ್ವೇತ, ಸರಿಹೋಯಿತಲ್ಲ ಎಂದು ಬರೆದುಕೊಂಡೆ. ತಿಂಗಳ ಮೇಲೆ ಗೊತ್ತಾಯಿತು, ಶ್ವೇತಪುರ ಎನಿಸಿಕೊಂಡದ್ದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಬಿಳಗಿ, ಅರಸರ ರಾಜಧಾನಿಯಾಗಿದ್ದ ಇನ್ನೊಂದು ಊರು. ಕನ್ನಡದಲ್ಲಿ ಒಂದು ದೀರ್ಘ, ಒಂದು ಹ್ರಸ್ವ. ಇಂಗ್ಲಿಷಿನಲ್ಲಿ ಬರೆದಾಗ ಎರಡೂ ಒಂದೇ. ನಮ್ಮ ಬೀಳಗಿಯ ಅರೆತ್ತಿನ ಬಾವಿ ಅಲ್ಲಿಗೆ ಹೋಗಲಿಲ್ಲ, ಆದರೆ ಅಲ್ಲಿಯ ಅರಸರು ನನ್ನ ಕಾಗದದಲ್ಲಿ ಇಲ್ಲಿಗೆ ಬಂದುಬಿಟ್ಟಿದ್ದರು. ಇದು ನಮ್ಮ ಬೇತ್ಲೆಹೇಮ್. ನಮ್ಮ ಲೂಜ್ ಮತ್ತು ಬೇತೇಲ್ ಬೇಕೆಂದರೆ ಮಹಾಲಿಂಗಪುರವಿದೆ. ಅದರ ಹಿಂದಿನ ಹೆಸರು ನರಗಟ್ಟಿ. ಎರಡು ಹೆಸರುಗಳ ನಡುವೆ ಒಂದು ಅಕ್ಷರದ ನಂಟೂ ಇಲ್ಲದಿದ್ದರೆ ಯಾವ ಯಂತ್ರ ತಾನೇ ಊಹಿಸೀತು?

ಸಂಸ್ಥಾನಗಳ ನಾಡಿನ ತೊಡಕು

ಇನ್ನೊಂದು ತೊಡಕು ನಮ್ಮ ಸೀಮೆಗೇ ವಿಶೇಷ. ಹಳೆಯ ಮೈಸೂರಿನ ಊರುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1886ರಿಂದ ಮುಂದೆ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ ಕ್ರಮವಾಗಿ ಪ್ರಕಟಿಸಿದರು. ಊರುಗಳ ಸೂಚಿಯೂ ಅಲ್ಲಿದೆ. ಗಣಕಕ್ಕೆ ಮೊದಲು ಏರಿದವುಗಳಲ್ಲಿ ಅವೂ ಸೇರಿವೆ. ಆದರೆ ಅವು ಮೈಸೂರು ಮತ್ತು ಕೊಡಗಿನ ಸಂಪುಟಗಳು. ಅವುಗಳಲ್ಲಿ ಮುಧೋಳ, ಜಮಖಂಡಿಗಳನ್ನು ಹುಡುಕಿದರೆ ಎಲ್ಲಿಂದ ಸಿಗಬೇಕು? ನಮ್ಮ ಭಾಗದ ಶಾಸನಗಳು ಪತ್ರಿಕೆಗಳ ಸಂಚಿಕೆಗಳಲ್ಲಿ, ದಕ್ಷಿಣ ಭಾರತದ ಶಾಸನಗಳ ಬೇರೆಬೇರೆ ಸಂಪುಟಗಳಲ್ಲಿ, ವಿಶ್ವವಿದ್ಯಾಲಯಗಳ ಪ್ರಕಟಣೆಗಳಲ್ಲಿ ಹಂಚಿಹೋಗಿವೆ.

ತೇರದಾಳವನ್ನೇ ನೋಡಿ. ರಬಕವಿ-ಬನಹಟ್ಟಿಯ ಪಕ್ಕದ ಈ ಊರಿನಲ್ಲಿ ಕ್ರಿ.ಶ. 1123ರ ಮಹತ್ವದ ಶಾಸನವಿದೆ. ಗೊಂಕನೆಂಬ ಮಾಂಡಲಿಕ ನೇಮಿನಾಥನ ಬಸದಿ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಅದು 1885ರಲ್ಲೇ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟವಾಗಿದೆ. ಶಾಸನದಲ್ಲಿ ಊರಿನ ಹೆಸರು ‘ತೇರಿದಾಳ’. ಅಂದಿನ ವಿದ್ವಾಂಸರು ರೋಮನ್ ಲಿಪಿಯಲ್ಲಿ ನಮ್ಮ ಹೆಸರು ಬರೆಯುವಾಗ ದೀರ್ಘಕ್ಕೆ ಅಕ್ಷರದ ಮೇಲೊಂದು ಗೆರೆ, ಳಕಾರಕ್ಕೆ ಕೆಳಗೊಂದು ಚುಕ್ಕೆ ಇಡುತ್ತಿದ್ದರು. ಹಳೆಯ ಪುಟಗಳನ್ನು ಓದುವ ಯಂತ್ರ ಗೆರೆ ಚುಕ್ಕೆಗಳನ್ನು ಧೂಳೆಂದು ಬಗೆದು ಒರೆಸಿಹಾಕುತ್ತದೆ. ಹೆಸರು ಅಲ್ಲೇ ಇದ್ದೂ ಇಲ್ಲದಂತಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ದಾಖಲೆಗಳು ಬೇಕೆಂದರೆ ಕತೆ ಮತ್ತೂ ಬೇರೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಒಂದರ ಪಕ್ಕ ಒಂದಿರುವ ಅವಳಿ ಊರುಗಳಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗ್ಲಿಯದ್ದು. ಇಂದು ಎರಡೂ ಸೇರಿ ಒಂದೇ ತಾಲ್ಲೂಕು, ಒಂದೇ ನಗರಸಭೆ. ಅಂದು ನೇಕಾರ ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋದರೆ ಅರಸ ಬದಲಾಗುತ್ತಿದ್ದ. ದಫ್ತರಗಳ ಭಾಷೆ ಮರಾಠಿ, ಕೈಬರಹ ಮೋಡಿ. ಮರಾಠಿಯಲ್ಲಿ ಜಮಖಂಡಿ ‘ಜಮಖಿಂಡಿ’ ಆಗಿದೆ. ಮರಾಠಿಯಲ್ಲಿ ‘ಖಿಂಡ್’ ಎಂದರೆ ಗುಡ್ಡಗಳ ನಡುವಿನ ದಾರಿ. ಕನ್ನಡದಲ್ಲೂ ‘ಕಂಡಿ’ ಎಂದರೆ ಸಂದು. ಕೇಳಿದವರು ತಮ್ಮ ತಮ್ಮ ಭಾಷೆಯ ಅರ್ಥವನ್ನು ಹೆಸರಿಗೆ ತೊಡಿಸುತ್ತಾರೆ. ಊರಿನವರು ಜಂಬುಕೇಶ್ವರ ದೇವಾಲಯವನ್ನು ತೋರಿಸುತ್ತಾರೆ. ಸಂಸ್ಥಾನಗಳು 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಗಿ, ಊರುಗಳು ಬಿಜಾಪುರ ಜಿಲ್ಲೆಗೆ ಸೇರಿ, 1956ರಲ್ಲಿ ಇಂದಿನ ಕರ್ನಾಟಕದೊಳಗೆ ಬಂದು, 1997ರಲ್ಲಿ ಬಾಗಲಕೋಟೆ ಜಿಲ್ಲೆಯವಾದವು. ಬಾಗಲಕೋಟೆ ಜಿಲ್ಲೆ ಎಂದು ಹುಡುಕಿದರೆ 1997ಕ್ಕೆ ಹಿಂದಿನ ಪುಸ್ತಕವೊಂದೂ ಕಣ್ಣಿಗೆ ಬೀಳದು.

ನೆರೆಹೊರೆಯ ಸಾಕ್ಷಿ

ಹೀಗೆ ಸಾಕುಸಾಕಾಗಿ ಕೊನೆಗೆ ಗಣಕ ಮುಚ್ಚಿ ಪುಸ್ತಕ ತೆರೆದೆ. ರನ್ನ ಅತ್ತಿಮಬ್ಬೆಯ ಆಶ್ರಯದಲ್ಲಿ ಕ್ರಿ.ಶ. 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದಾನೆ. ಬಳೆಗಾರ ಕುಲದವನು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಊರಿನ ವಿಳಾಸವನ್ನು ಅವನು ಕೊಡುವ ರೀತಿ ನೋಡಿ. ಬೆಳುಗಲಿ ಐನೂರು ಎಂಬ ನಾಡು, ಅದರೊಳಗೆ ಜಂಬುಖಂಡಿ ಎಪ್ಪತ್ತು ಎಂಬ ವಿಭಾಗ, ಅದರೊಳಗೆ ಮುದುವೊೞಲ್. ಇಂದು ನಾವು ಜಿಲ್ಲೆ, ತಾಲ್ಲೂಕು, ಗ್ರಾಮ ಎಂದು ಬರೆಯುವಂತೆಯೇ ಅಂದಿನ ಕ್ರಮ ಅದು.

ಒಂದು ಮಧ್ಯಾಹ್ನದ ಓದಿನಲ್ಲಿ ಗಣಕ ತಿಂಗಳುಗಟ್ಟಲೆ ಕೊಡದ ಉತ್ತರ ಸಿಕ್ಕಿತು. ಸಿಕ್ಕದ್ದು ಹೆಸರಿನಿಂದಲ್ಲ, ನೆರೆಹೊರೆಯಿಂದ. ಮುಧೋಳಗಳು ಹಲವು ಇರಬಹುದು. ಆದರೆ ಜಂಬುಖಂಡಿಯ ಮಗ್ಗುಲಲ್ಲಿ, ಬೆಳುಗಲಿಯ ನಾಡಿನಲ್ಲಿ ಇರುವ ಮುಧೋಳ ಒಂದೇ. ಸೇಡಂನ ಮುಧೋಳದ ಪಕ್ಕ ಜಮಖಂಡಿ ಇಲ್ಲ. ನಿರ್ಮಲ್‌ನ ಮುಧೋಳದ ಸುತ್ತ ಬೆಳಗಲಿ ಇಲ್ಲ. ಇಲ್ಲಿ ಮಾತ್ರ ಮೂರೂ ಹೆಸರುಗಳು ಸಾವಿರ ವರ್ಷದ ಮೇಲೂ ಬದುಕಿವೆ, ಬಸ್ಸಿನ ಫಲಕದ ಮೇಲೆ ಓದಬಹುದಾದಷ್ಟು ಸ್ಪಷ್ಟವಾಗಿ. ಪಕಾರ ಹಕಾರವಾಗುವುದು ಕನ್ನಡದ ದೊಡ್ಡ ಬದಲಾವಣೆ. ಪೊೞಲ್ ಹೊಳಲಾಯಿತು. ಮುದು ಮತ್ತು ಹೊಳಲ್ ಸೇರಿ ಬಾಯಲ್ಲಿ ತೇಯ್ದು, ದಕಾರ ಹಕಾರ ಕೂಡಿ ‘ಧ’ ಆಗಿ, ಮುಧೋಳ ಉಳಿಯಿತು ಎಂದು ವಿವರಿಸಬಹುದು. ಆದರೆ ಧ್ವನಿಯ ಈ ವಿವರಣೆ ಎರಡನೆಯ ಸಾಕ್ಷಿ. ಮೊದಲ ಸಾಕ್ಷಿ ನೆರೆಯವರದು. ಊರಲ್ಲಿ ಯಾರಾದರೂ ಹೊಸಬ ಬಂದರೆ ‘ನೀ ಯಾರ ಪೈಕಿ?’ ಎಂದು ಕೇಳುತ್ತೇವಲ್ಲ, ಊರಿನ ಹೆಸರಿಗೂ ಅದೇ ಪ್ರಶ್ನೆ ಹಾಕಬೇಕು.

ಇಲ್ಲಿ ಒಂದು ಮಾತು. ಮುಧೋಳ ತಾಲ್ಲೂಕಿನ ಬೆಳಗಲಿ ಇಂದು ಅಧಿಕೃತವಾಗಿಯೇ ‘ರನ್ನ ಬೆಳಗಲಿ’. ರನ್ನ ನಮ್ಮವನು ಎಂದು ಎರಡೂ ಊರವರು ಅಭಿಮಾನಪಡುತ್ತಾರೆ. ಇದರಲ್ಲಿ ಜಗಳಕ್ಕೆ ಕಾರಣವೇ ಇಲ್ಲ. ಕವಿ ಎರಡು ಹೆಸರನ್ನೂ ಹೇಳಿದ್ದಾನೆ, ಒಂದನ್ನು ನಾಡೆಂದು, ಇನ್ನೊಂದನ್ನು ಊರೆಂದು. ನಡುವೆ ಜಮಖಂಡಿಯ ಹೆಸರನ್ನೂ ಹೇಳಿ ನಿಮ್ಮನ್ನೂ ಪಾಲುದಾರರನ್ನಾಗಿ ಮಾಡಿದ್ದಾನೆ!

ನಮಗೊಂದು ಪಟ್ಟಿ ಬೇಕು

ಹಾಗಾದರೆ ಗಣಕ ಬೇಡವೇ? ಬೇಕು, ಖಂಡಿತ ಬೇಕು. ಆದರೆ ಬೈಬಲ್ ಓದುವವರಿಗೆ ಸ್ಟ್ರಾಂಗ್ ಮಾಡಿಕೊಟ್ಟಂಥ ಪಟ್ಟಿಯೊಂದು ನಮ್ಮ ಊರುಗಳಿಗೂ ಬೇಕು. ಅರ್ಧ ಕೆಲಸ ಆಗಿಯೇ ಇದೆ. 2011ರ ಜನಗಣತಿಯಲ್ಲಿ ಪ್ರತಿ ಗ್ರಾಮಕ್ಕೂ ಆರು ಅಂಕಿಯ ಸಂಕೇತ ಸಂಖ್ಯೆ ಕೊಟ್ಟಿದ್ದಾರೆ. ಇಂದಿನ ಹೆಸರಿಗೆ ಸಂಖ್ಯೆ ಇದೆ, ನಿನ್ನಿನ ಹೆಸರಿಗೆ ಇಲ್ಲ. ಆ ಒಂದೇ ಸಂಖ್ಯೆಯ ಎದುರಿಗೆ ಮುದುವೊೞಲ್, ಮುದುವೊಳಲು, ಮುಧೋಳ ಎಂಬ ಎಲ್ಲ ರೂಪಗಳನ್ನು, ಅವು ಸಿಗುವ ಕಾವ್ಯ ಶಾಸನಗಳನ್ನು, ಅವುಗಳ ಕಾಲವನ್ನು, ನೆರೆಯ ಊರುಗಳನ್ನು ಬರೆದಿಟ್ಟರೆ ಸಾಕು. ಎರಡು ಬೀಳಗಿಗಳು ಎರಡು ಸಂಖ್ಯೆಗಳಾಗುತ್ತವೆ. ನರಗಟ್ಟಿ ಮತ್ತು ಮಹಾಲಿಂಗಪುರ ಒಂದೇ ಸಂಖ್ಯೆಯ ಕೆಳಗೆ ಬರುತ್ತವೆ. ಆಗ ಆ ಹುಡುಗಿ ಯಾವ ಕಾಗುಣಿತ ಹಾಕಿದರೂ ರನ್ನ ಎದ್ದು ಬರುತ್ತಾನೆ.

ಇದು ಹೊಸ ವಿಚಾರವೇನಲ್ಲ. ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕತೆ’ ಎಂಬ ಪುಸ್ತಕ ಬರೆದು, ಊರುಗಳ ಹೆಸರಿನಲ್ಲಿ ಎಂಥ ಇತಿಹಾಸ ಹುದುಗಿದೆ ಎಂಬುದನ್ನು ಗಣಕ ಇಲ್ಲದ ಕಾಲದಲ್ಲೇ ತೋರಿಸಿಕೊಟ್ಟರು. ಅವರ ಹತ್ತಿರ ಇದ್ದದ್ದು ನಾಡಿನ ಪರಿಚಯ ಮತ್ತು ತಾಳ್ಮೆ. ನಮಗೆ ಯಂತ್ರ ಇದೆ. ಉಳಿದೆರಡನ್ನು ನಾವು ತರಬೇಕು.

ಕೆಲಸ ಅವಸರದ್ದು ಎನ್ನುವುದಕ್ಕೆ ಕಾರಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಬಾಗಲಕೋಟೆಯ ಹಳೆಯ ಪಟ್ಟಣದ ಭಾಗ ಮುಳುಗಿತು, ಬೀಳಗಿ ತಾಲ್ಲೂಕಿನ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದುಹೋದವು. ಅಲ್ಲಿ ನೀರು ನಿಲ್ಲುವುದು 519.60 ಮೀಟರ್ ಮಟ್ಟಕ್ಕೆ. ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಮಟ್ಟ ಏರಿದಂದು ಇನ್ನಷ್ಟು ಹಳ್ಳಿಗಳು ಏಳಬೇಕು. ಎದ್ದ ಊರಿಗೆ ಹೊಸ ಜಾಗದಲ್ಲಿ ಅದೇ ಹೆಸರು ಸಿಗಬಹುದು. ಆದರೆ ಹೊಲಗಳ ಹೆಸರು, ಹಳ್ಳದ ಹೆಸರು, ಬಾವಿಯ ಹೆಸರು ಹಿಂದೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನೆರೆಹೊರೆ ಬದಲಾಗುತ್ತದೆ. ರನ್ನನ ಊರನ್ನು ನಮಗೆ ತೋರಿಸಿಕೊಟ್ಟದ್ದೇ ನೆರೆಹೊರೆಯಲ್ಲವೇ? ನಾಳೆ ಯಾವುದೋ ಶಾಸನದಲ್ಲಿ ‘ಇಂಥ ಊರ ಮೂಡಲ ದಿಕ್ಕಿನ ಹಳ್ಳಿ’ ಎಂದಿದ್ದರೆ, ಮೂಡಲಲ್ಲಿ ಬರೀ ನೀರಿರುತ್ತದೆ.

ಕಂದಾಯ ದಫ್ತರದಲ್ಲಿ ‘ಬೇಚರಾಕ್’ ಎಂಬ ಮಾತಿದೆ. ಜನವಸತಿ ಇಲ್ಲದ ಗ್ರಾಮಕ್ಕೆ ಆ ಹೆಸರು. ಮೂಲದ ಅರ್ಥ ‘ದೀಪವಿಲ್ಲದ್ದು’ ಎಂದು. ದೀಪ ಆರಿದ ಎಷ್ಟೋ ಊರುಗಳು ಆ ದಫ್ತರಗಳಲ್ಲಿ ಹೆಸರಾಗಿ ಮಾತ್ರ ಉಳಿದಿವೆ. ಒಂದೊಂದು ಹಳೆಯ ಶಾಸನದ ಬೀಗಕ್ಕೆ ಅವುಗಳಲ್ಲೊಂದು ಕೀಲಿಯಾಗಿರಬಹುದು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ನಿಮ್ಮ ಊರಿನ ಅಜ್ಜ ಅಮ್ಮಂದಿರ ಹತ್ತಿರ ಒಂದು ಸಂಜೆ ಕುಳಿತು, ಊರಿನ ಸುತ್ತಲ ಹೊಲ, ಹಳ್ಳ, ದಿನ್ನೆ, ಬಾವಿ, ಹಾಳೂರುಗಳ ಹೆಸರನ್ನು ಅವರು ಹೇಳುವ ಹಾಗೆಯೇ ಬರೆದುಕೊಳ್ಳಿ. ತಿದ್ದಬೇಡಿ, ಸಂಸ್ಕೃತಕ್ಕೆ ತಿರುಗಿಸಬೇಡಿ, ಅರ್ಥ ಹಚ್ಚಬೇಡಿ. ಅರ್ಥ ಆಮೇಲೆ ನೋಡೋಣ. ಯಾವುದು ಯಾವುದರ ಮಗ್ಗುಲಲ್ಲಿದೆ ಎಂಬುದನ್ನು ಮಾತ್ರ ಮರೆಯದೆ ಗುರುತಿಸಿ. ಗಣಕಕ್ಕೆ ತುಂಬುವ ಕೆಲಸ ದೊಡ್ಡದಲ್ಲ.

ಆ ಹುಡುಗಿಗೆ ನಾನು ಪತ್ರ ಬರೆದೆ. ‘ಸೊನ್ನೆ ಎಂದರೆ ಇಲ್ಲ ಎಂದಲ್ಲ ತಂಗಿ. ನೀನು ಕೇಳಿದ ಅಕ್ಷರಗಳು ಆ ಪೆಟ್ಟಿಗೆಯಲ್ಲಿ ಆ ಕ್ರಮದಲ್ಲಿ ಇಲ್ಲ ಎಂದು ಮಾತ್ರ ಅದರ ಅರ್ಥ. ರನ್ನ ನಿಮ್ಮೂರವನೇ. ಅವನ ಪುಸ್ತಕದಲ್ಲಿ ಅವನೇ ಹೇಳಿದ್ದಾನೆ, ಪಕ್ಕದ ಊರುಗಳೂ ಸಾಕ್ಷಿ ಹೇಳುತ್ತವೆ’ ಎಂದು. ಅವಳಿಂದ ಬಂದ ಉತ್ತರ ಒಂದೇ ಸಾಲಿನದು: ‘ಸರ, ಹಂಗಾರ ಕಂಪ್ಯೂಟರಿಗೆ ಯಾರು ಹೇಳೂದ್ರಿ?’

ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡಲೆಂದೇ ಇಂದು ಇಲ್ಲಿಗೆ ಬಂದೆ.